ಪಕ್ಕೆಗೆ ನೀರು ಬಿಟ್ಟುಕೊಂಡ ಹಡಗು

1944ರ ಜೂನ್ 15ರಂದು ನಾರ್ಮಂಡಿ ಕರಾವಳಿಯಲ್ಲಿ ಅಮೆರಿಕದ ಯುದ್ಧನೌಕೆ ಟೆಕ್ಸಸ್‌ಗೆ ವಿಚಿತ್ರ ತೊಡಕೊಂದು ಎದುರಾಯಿತು. ದಡಕ್ಕಿಳಿದ ಸೈನಿಕರು ಒಳನಾಡಿಗೆ ಸರಿದಿದ್ದರು; ಹೊಡೆಯಬೇಕಾದ ಗುರಿ ಫಿರಂಗಿಗಳ ಅಳವಿನಾಚೆ ಇತ್ತು. ಫಿರಂಗಿಯ ಮೂತಿಯೋ 15 ಡಿಗ್ರಿಗಿಂತ ಮೇಲೇಳದು. ಆಗ ನಾವಿಕರು ಹಡಗಿನ ಬಲಮಗ್ಗುಲಿನ ಉಬ್ಬಿಗೆ ತಾವಾಗಿಯೇ ನೀರು ಬಿಟ್ಟರು. ಹಡಗು ಎರಡು ಡಿಗ್ರಿ ವಾಲಿತು, ಇನ್ನೊಂದು ಮಗ್ಗುಲಿಗೆ ತಿರುಗಿದ್ದ ಫಿರಂಗಿಗಳು ಅಷ್ಟೇ ಮೇಲೆದ್ದವು. ಗುರಿ ದಕ್ಕಿತು.

ಆ ಉಬ್ಬು ಹುಟ್ಟಿನಿಂದ ಬಂದದ್ದಲ್ಲ. 1912ರಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿ ನೀರಿಗಿಳಿದು, 1914ರ ಮಾರ್ಚ್‌ನಲ್ಲಿ ಸೇವೆಗೆ ಸೇರಿದಾಗ ಟೆಕ್ಸಸ್ ಕಲ್ಲಿದ್ದಲು ಉರಿಸುವ ಹಡಗು. 14 ಇಂಚಿನ ಹತ್ತು ಫಿರಂಗಿಗಳೇ ಅದರ ಹೆಮ್ಮೆ. ಮೊದಲ ಮಹಾಯುದ್ಧ ಅದಕ್ಕೆ ಅಷ್ಟೇನೂ ಕೀರ್ತಿ ತರಲಿಲ್ಲ. 1917ರಲ್ಲಿ ಬ್ಲಾಕ್ ಐಲೆಂಡ್ ಬಳಿ ನೆಲಕ್ಕೆ ಕಚ್ಚಿಕೊಂಡು ಕೂತಿತು. ಮರುವರ್ಷ ಬ್ರಿಟಿಷರ ನೌಕಾಪಡೆಯ ಜೊತೆ ಉತ್ತರ ಸಮುದ್ರ ಕಾಯಿತು, ನವೆಂಬರಿನಲ್ಲಿ ಜರ್ಮನ್ ಹಡಗುಗಳ ಶರಣಾಗತಿಗೆ ಸಾಕ್ಷಿಯಾಯಿತು.

ಟಾರ್ಪಿಡೊಗಳ ಭಯ ಹೆಚ್ಚಿದ ಮೇಲೆ, 1925-26ರಲ್ಲಿ ಹಡಗನ್ನು ಅಡಿಯಿಂದ ಮುಡಿಯವರೆಗೆ ತಿದ್ದಲಾಯಿತು. ಕಲ್ಲಿದ್ದಲಿನ 14 ಬಾಯ್ಲರ್‌ಗಳು ಹೋಗಿ ಎಣ್ಣೆಯ ಆರು ಬಂದವು. ಇಕ್ಕೆಲದಲ್ಲೂ ಉಕ್ಕಿನ ಉಬ್ಬು ಕಟ್ಟಿದರು: ಟಾರ್ಪಿಡೊ ಬಡಿದರೆ ಸಿಡಿತವೆಲ್ಲ ಹೊರಗಿನ ಈ ಗೋಡೆಯಲ್ಲೇ ಮುಗಿಯಲಿ ಎಂದು.

ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕಾ, ನಾರ್ಮಂಡಿ, ಇವೊ ಜಿಮಾ, ಒಕಿನಾವಾ ಎಲ್ಲವನ್ನೂ ಅದು ಕಂಡಿತು. 1944ರ ಜೂನ್ 25ರಂದು ಶೆರ್ಬೂರ್ ಬಳಿ ಜರ್ಮನ್ ಗುಂಡೊಂದು ಚುಕ್ಕಾಣಿಯ ತಾಣಕ್ಕೇ ಬಡಿದು, ಚುಕ್ಕಾಣಿ ಹಿಡಿದಿದ್ದ ನಾವಿಕ ತೀರಿಕೊಂಡ. ಅಷ್ಟು ದೀರ್ಘ ಸೇವೆಯಲ್ಲಿ ಶತ್ರುವಿನ ಏಟಿಗೆ ಹಡಗಿನೊಳಗೆ ಸತ್ತವನು ಅವನೊಬ್ಬನೇ.

ಯುದ್ಧ ಮುಗಿದ ಮೇಲೆ ಇಂಥ ಹಡಗುಗಳಿಗೆ ಇದ್ದ ದಾರಿ ಗುಜರಿ ಇಲ್ಲವೇ ಗುರಿಯಭ್ಯಾಸ. ಟೆಕ್ಸಸ್‌ನ ಅವಳಿ ಹಡಗು ನ್ಯೂಯಾರ್ಕ್, ಬಿಕಿನಿ ಹವಳದ್ವೀಪದ ಎರಡು ಅಣುಸ್ಫೋಟ ಪ್ರಯೋಗಗಳನ್ನೂ ತಾಳಿಕೊಂಡಿತು. ಕೊನೆಗೆ 1948ರ ಜುಲೈನಲ್ಲಿ ಅಮೆರಿಕದ ನೌಕಾಪಡೆಯೇ ಅದನ್ನು ಹೊಡೆದು ಮುಳುಗಿಸಿತು. ಅದಕ್ಕೆ ಎರಡೂವರೆ ತಿಂಗಳ ಮೊದಲು, ಏಪ್ರಿಲ್ 21ರಂದು, ಟೆಕ್ಸಸ್ ತನ್ನ ಹೆಸರಿನದೇ ರಾಜ್ಯದ ಸ್ಯಾನ್ ಜಸಿಂಟೊದಲ್ಲಿ ಮ್ಯೂಸಿಯಂ ಆಗಿ ನೆಲೆಯೂರಿತ್ತು. ಅದನ್ನು ಉಳಿಸಲು ಶಾಲಾ ಮಕ್ಕಳೂ ಚಿಲ್ಲರೆ ಕೂಡಿಸಿ ಕೊಟ್ಟಿದ್ದರು.

ನಿಜವಾದ ಕಷ್ಟ ಆಮೇಲೆ ಶುರುವಾಯಿತು. ಚಲಿಸದ ಹಡಗಿಗೆ ಉಪ್ಪುನೀರು ಫಿರಂಗಿಗಿಂತ ಕೆಟ್ಟ ವೈರಿ. ಮರದ ಡೆಕ್ ಕೊಳೆತಾಗ ಅದರ ಬದಲಿಗೆ ಕಾಂಕ್ರೀಟ್ ಸುರಿದರು. ಅದು ಬಿರುಕುಬಿಟ್ಟು ಮಳೆನೀರು ಒಳಗಿಳಿಯಿತು. ಹಿಂದೆ ಪ್ರಾಣ ಕಾಯಲು ಕಟ್ಟಿದ ಉಬ್ಬುಗಳೇ ತುಕ್ಕು ತಿಂದು ಜರಡಿಯಾದವು. 1988ರಿಂದ 1990ರವರೆಗೆ ಗ್ಯಾಲ್ವೆಸ್ಟನ್‌ನಲ್ಲಿ ದುರಸ್ತಿ ನಡೆದರೂ, 2012ರ ಹೊತ್ತಿಗೆ ಮತ್ತೆ ಪಂಪುಗಳು ನಿಲ್ಲದೆ ನೀರೆತ್ತಬೇಕಾಯಿತು.

ಜಪಾನೀಯರು ಈ ತಂಟೆಯನ್ನು ಮೊದಲೇ ತಪ್ಪಿಸಿದ್ದರು. 1905ರ ಸುಶಿಮಾ ಕಾಳಗದ ಮುಖ್ಯ ನೌಕೆ ಮಿಕಾಸಾ, ಯೊಕೊಸುಕಾದಲ್ಲಿ 1926ರಿಂದ ಕಾಂಕ್ರೀಟಿನಲ್ಲಿ ಹೂತು ನಿಂತಿದೆ. ನಮ್ಮ ಕಾರವಾರದಲ್ಲೂ ಕ್ಷಿಪಣಿ ದೋಣಿ ಚಪಲ್ ಟಾಗೋರ್ ಕಡಲತೀರದ ಮರಳ ಮೇಲೆಯೇ ಕೂತಿದೆ. ಮುಂಬಯಿಯ ನೀರಿನಲ್ಲಿ ಮ್ಯೂಸಿಯಂ ಆಗಿ ನಿಂತಿದ್ದ ವಿಮಾನವಾಹಕ ವಿಕ್ರಾಂತ್ ಮಾತ್ರ, ಸಾಕುವ ಖರ್ಚಿಗೆ ದಿಕ್ಕಿಲ್ಲದೆ 2014ರಲ್ಲಿ ಗುಜರಿಗೆ ಹೋಯಿತು. ನೆಲಕ್ಕೇರಿದ ಹಡಗಿಗೆ ಆಯುಸ್ಸು ಹೆಚ್ಚೇನೋ ನಿಜ, ಆದರೆ ಅಲೆಗೆ ತುಸುವಾದರೂ ತೂಗದ ಹಡಗನ್ನು ಹತ್ತಿದಾಗ ಕಟ್ಟಡ ಹೊಕ್ಕಂತೆಯೇ ಅನಿಸುತ್ತದೆ.

ಇತ್ತ ಟೆಕ್ಸಸ್ ಹಡಗಿನ ದುರಸ್ತಿಗೆ ಟೆಕ್ಸಸ್ ರಾಜ್ಯ ಸರ್ಕಾರ 2019ರಲ್ಲಿ 3.5 ಕೋಟಿ ಡಾಲರ್ ಒದಗಿಸಿತು. ದಾರಿಯಲ್ಲಿ ಮುಳುಗದಿರಲೆಂದು ಒಡಲಿಗೆ ಫೋಮ್ ತುಂಬಿ, 2022ರ ಆಗಸ್ಟ್ 31ರಂದು ಟಗ್ ದೋಣಿಗಳು ಮುದಿ ಹಡಗನ್ನು ಮತ್ತೆ ಗ್ಯಾಲ್ವೆಸ್ಟನ್‌ಗೆ ಎಳೆದೊಯ್ದವು. ಡ್ರೈಡಾಕ್‌ನಲ್ಲಿ ಹಳೆಯ ಉಬ್ಬುಗಳ ಉಕ್ಕನ್ನು ಕತ್ತರಿಸಿ ತೆಗೆದು ಹೊಸದನ್ನು ಬೆಸೆದರು. 2024ರ ಮಾರ್ಚ್‌ನಲ್ಲಿ ಟೆಕ್ಸಸ್ ನೀಲಿ ಬಣ್ಣ ಬಳಿದುಕೊಂಡು ತನ್ನ ಒಡಲ ಮೇಲೇ ತೇಲುತ್ತ ಹೊರಬಂತು.