ಪಿತ್ತಜನಕಾಂಗದ ಒಳಜಗಳ: ಆಕರ ಕೋಶ ರಾಜಿ ಮಾಡಿಸೀತೆ?

ಕಾಮಾಲೆ ಎಂದೊಡನೆ ನಮಗೆ ನೆನಪಾಗುವುದು ಕಲುಷಿತ ನೀರು, ಇಲ್ಲವೇ ಕುಡಿತ. ಈ ಎರಡೂ ಕಾರಣವಲ್ಲದ ಕಾಮಾಲೆಯೂ ಉಂಟು. ರೋಗಾಣುಗಳ ಮೇಲೆ ಬೀಳಬೇಕಾದ ದೇಹದ ರಕ್ಷಣಾ ಕೋಶಗಳು ಸ್ವಂತ ಪಿತ್ತಜನಕಾಂಗವನ್ನೇ ಶತ್ರುವೆಂದು ಬಗೆದು ಉರಿಯೂತ ಎಬ್ಬಿಸುತ್ತವೆ.

ಯುವತಿಯರಲ್ಲಿ ಈ ಕಾಯಿಲೆಯನ್ನು 1950ರಲ್ಲಿ ವರ್ಣಿಸಿದವರು ಸ್ವೀಡನ್ನಿನ ವೈದ್ಯ ಯಾನ್ ವಾಲ್ಡೆನ್‌ಸ್ಟ್ರೋಮ್. 1965ರಲ್ಲಿ ಮೆಲ್ಬರ್ನ್‌ನ ಇಯಾನ್ ಮೆಕೇ ಮತ್ತು ಸಂಗಡಿಗರು ಇದನ್ನು ‘ಆಟೊಇಮ್ಯೂನ್ ಹೆಪಟೈಟಿಸ್’ ಎಂದು ಕರೆದರು. ಪ್ರೆಡ್ನಿಸೊಲೋನ್ ಮಾತ್ರೆ ಇಂಥವರ ಜೀವ ಉಳಿಸಬಲ್ಲದೆಂದು 1971ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯ ಪ್ರಯೋಗ ತೋರಿಸಿತು. ಅಜಥಯೋಪ್ರಿನ್ ಜತೆಗೂಡಿ ಅದೇ ಇಂದಿಗೂ ಮುಖ್ಯ ಚಿಕಿತ್ಸೆ. ಆದರೆ ದೀರ್ಘಕಾಲದ ಸ್ಟೀರಾಯ್ಡ್ ಸೇವನೆಯಿಂದ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಅಂಟಿಕೊಳ್ಳಬಹುದು. ಕೆಲವರಿಗೆ ಮಾತ್ರೆ ನಾಟುವುದೂ ಇಲ್ಲ.

ಆಕರ ಕೋಶಗಳತ್ತ ಕಣ್ಣು ಹೊರಳಿದ್ದು ಇಂಥವರಿಗಾಗಿ. ಅಸ್ಥಿಮಜ್ಜೆಯಲ್ಲಿ ಮೂಳೆ ಕಟ್ಟಬಲ್ಲ ಕೋಶಗಳಿವೆಯೆಂದು ತೋರಿಸಿದವರು ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್. ಹಾಳಾದ ಅಂಗವನ್ನು ಇವು ಮತ್ತೆ ಕಟ್ಟಿಕೊಡುತ್ತವೆ ಎಂಬುದೇ ಮೊದಲ ನಿರೀಕ್ಷೆ. 2004ರಲ್ಲಿ ಇನ್ನೊಂದು ಗುಣ ಬೆಳಕಿಗೆ ಬಂತು. ಸ್ಟಾಕ್‌ಹೋಮಿನಲ್ಲಿ ರಕ್ತದ ಕ್ಯಾನ್ಸರಿಗಾಗಿ ಕಸಿ ಮಾಡಿಸಿಕೊಂಡಿದ್ದ 9 ವರ್ಷದ ಬಾಲಕನ ಕರುಳು, ಪಿತ್ತಜನಕಾಂಗಗಳ ಮೇಲೆ ದಾನಿಯ ರಕ್ಷಣಾ ಕೋಶಗಳು ಎರಗಿದ್ದವು. ಔಷಧಿಗಳು ಸೋತಾಗ ಕತಾರೀನಾ ಲೆ ಬ್ಲಾಂಕ್ ಅವರ ತಂಡ ತಾಯಿಯ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳನ್ನು ನೀಡಿತು. ದಾಳಿ ತಣ್ಣಗಾಯಿತು.

ರಕ್ತನಾಳಕ್ಕೆ ಕೊಟ್ಟ ಈ ಕೋಶಗಳಲ್ಲಿ ಬಹುಪಾಲು ಶ್ವಾಸಕೋಶದಲ್ಲೇ ಸಿಕ್ಕಿಕೊಳ್ಳುತ್ತವೆ, ಬಹುಕಾಲ ಬದುಕುವುದೂ ಇಲ್ಲ. ಆದರೂ ಅವು ಸ್ರವಿಸುವ ರಾಸಾಯನಿಕಗಳು ದಾಳಿಕೋರ ಟಿ-ಕೋಶಗಳ ವೃದ್ಧಿಯನ್ನು ತಡೆದು, ಅವುಗಳನ್ನು ಹದ್ದುಬಸ್ತಿನಲ್ಲಿಡುವ ಕೋಶಗಳಿಗೆ ಬಲ ಕೊಡುತ್ತವೆ. ಅಂದರೆ ಇವುಗಳ ಕೆಲಸ ಗಾರೆಯವನದಲ್ಲ, ಪಂಚಾಯ್ತಿದಾರನದು.

ಈ ಶೋಧದ ಒಂದು ಎಳೆ ನಮ್ಮ ಊರಿಗೂ ಬಂದಿದೆ. ಗರುಡಾಚಾರ್‌ಪಾಳ್ಯ ದಾಟಿ ಸಿಗುವ ವೈಟ್‌ಫೀಲ್ಡ್‌ನ ಸ್ಟೆಂಪ್ಯೂಟಿಕ್ಸ್, ಮಣಿಪಾಲ್ ಸಮೂಹ 2006ರಲ್ಲಿ ಹುಟ್ಟುಹಾಕಿದ ಕಂಪನಿ. ಆರೋಗ್ಯವಂತ ದಾನಿಗಳ ಅಸ್ಥಿಮಜ್ಜೆಯಿಂದ ಅದು ತಯಾರಿಸಿದ ‘ಸ್ಟೆಂಪ್ಯೂಸೆಲ್’ಗೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಅದು ಸಿಕ್ಕಿದ್ದು ಕಾಲಿನ ರಕ್ತನಾಳ ಕಟ್ಟುವ ಬರ್ಜರ್ ಕಾಯಿಲೆಗೆ. ಕುಡಿತದಿಂದ ಕೆಟ್ಟ ಪಿತ್ತಜನಕಾಂಗದ ಮೇಲೂ ಪ್ರಯೋಗ ನಡೆಯಿತಾದರೂ, ಪ್ರಯೋಗವೇ ಚಿಕಿತ್ಸೆಯಲ್ಲ.

ಈ ವ್ಯತ್ಯಾಸ ರೋಗಿಗೆ ಜೀವನ್ಮರಣದ ಪ್ರಶ್ನೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ, ಪಿತ್ತಜನಕಾಂಗಕ್ಕೆ ಆಕರ ಕೋಶ ನೀಡುವುದು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಲಕ್ಷಗಟ್ಟಲೆ ಕೇಳುವವರು ಮಾರುತ್ತಿರುವುದು ಭರವಸೆಯನ್ನಷ್ಟೇ. ಅದನ್ನು ನಂಬಿ ಮಾತ್ರೆ ಬಿಟ್ಟರೆ, ಆರಿದಂತಿದ್ದ ಉರಿ ಮತ್ತೆ ಹೊತ್ತಿಕೊಳ್ಳಬಹುದು.