ಕಡಲು ದಾಟಿದ ಗೆಜ್ಜೆ

ನಮ್ಮ ನೃತ್ಯಕಲೆ ಹೊರದೇಶಗಳಿಗೆ ಹೋದ ಕಥೆಯನ್ನು ಉದಯಶಂಕರರಿಂದ ಆರಂಭಿಸುವುದು ವಾಡಿಕೆ. ಆದರೆ ಅವರು ಲಂಡನ್ನಿನ ರಂಗವನ್ನೇರುವುದಕ್ಕೆ 85 ವರ್ಷ ಮೊದಲೇ, 1838ರಲ್ಲಿ, ದಕ್ಷಿಣ ಭಾರತದ ಐವರು ದೇವದಾಸಿಯರು ಮೂವರು ಹಿಮ್ಮೇಳದವರೊಡನೆ ಹಡಗು ಹತ್ತಿ ಫ್ರಾನ್ಸಿಗೆ ಹೋಗಿದ್ದರು. ಕಡಲೂರಿನ ಸಮೀಪದ ತಿರುವಹೀಂದ್ರಪುರದವರಾದ ಇವರನ್ನು ತಾರ್ದಿವೆಲ್ ಎಂಬ ಫ್ರೆಂಚ್ ವ್ಯಕ್ತಿ ಪಾಂಡಿಚೇರಿಯಲ್ಲಿ ಕರಾರು ಮಾಡಿಸಿಕೊಂಡು ಕರೆದೊಯ್ದಿದ್ದ. ತಂಡದ ಅತ್ಯಂತ ಕಿರಿಯಳು ಆರು ವರ್ಷದ ಹುಡುಗಿ. ಹೆಚ್ಚು ಹೆಸರಾದವಳು 18 ವರ್ಷದ ಅಮಣಿ.

ಪ್ಯಾರಿಸ್ಸಿನ ಜನರಿಗೆ ಭಾರತದ ನರ್ತಕಿ ಹೊಸಬಳಲ್ಲ. 1830ರಿಂದಲೇ ಅಲ್ಲಿನ ಒಪೆರಾದಲ್ಲಿ ದೇವದಾಸಿಯೊಬ್ಬಳ ಕಲ್ಪಿತ ಕಥೆ ಜನಪ್ರಿಯವಾಗಿತ್ತು. ಪ್ರಸಿದ್ಧ ಬ್ಯಾಲೆ ನರ್ತಕಿ ಮರೀ ತಾಗ್ಲಿಯೋನಿ ಆ ಪಾತ್ರವನ್ನು ಮಾಡುತ್ತಿದ್ದಳು. ನಿಜವಾದ ದೇವದಾಸಿಯರು ಬಂದಾಗ ಪ್ರೇಕ್ಷಕರು ಅವರನ್ನು ಆ ಕಲ್ಪನೆಯ ಚಿತ್ರದೊಡನೆ ಹೋಲಿಸಿ ನೋಡಿದರು. ಕವಿ ತೆಯೋಫಿಲ್ ಗೋತಿಯೆ ಮೆಚ್ಚಿ ಬರೆದ. ಶಿಲ್ಪಿ ಬಾರ್ ಅಮಣಿಯ ಪುಟ್ಟ ಪ್ರತಿಮೆಯನ್ನು ಮಾಡಿದ. ಅನಂತರ ತಂಡ ಲಂಡನ್ನಿನ ಅಡೆಲ್ಫಿ ರಂಗಮಂದಿರದಲ್ಲಿಯೂ ನರ್ತಿಸಿತು. ನೋಡಿದವರಿದ್ದರು, ವರ್ಣಿಸಿದವರಿದ್ದರು, ಆದರೆ ಅವರಿಂದ ಪಾಠ ಹೇಳಿಸಿಕೊಂಡು ಮುಂದುವರಿಸಿದ ಶಿಷ್ಯಪರಂಪರೆಯೊಂದು ಅಲ್ಲಿ ಬೆಳೆಯಲಿಲ್ಲ.

ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕಲೆಯೊಂದನ್ನು ಪರದೇಶದಲ್ಲಿ ತೋರಿಸುವುದು ಬೇರೆ, ಅಲ್ಲಿ ಕಲಿಸುವುದು ಬೇರೆ. ತೋರಿಸಿದ್ದು ಚಪ್ಪಾಳೆಯೊಡನೆ ಮುಗಿಯಬಹುದು; ಕಲಿಸಿದ್ದು ನೆಲೆಯೂರುತ್ತದೆ. ಮುಂದಿನ ನೂರೈವತ್ತು ವರ್ಷಗಳ ಇತಿಹಾಸವೆಲ್ಲ ಈ ಎರಡರ ನಡುವಿನ ಅಂತರವನ್ನು ದಾಟಿದ ಕಥೆಯೇ ಆಗಿದೆ.

1923ರಲ್ಲಿ ರಷ್ಯದ ಬ್ಯಾಲೆ ಕಲಾವಿದೆ ಅನ್ನಾ ಪಾವ್ಲೋವಾ ಲಂಡನ್ನಿನಲ್ಲಿ ರಾಧಾಕೃಷ್ಣರ ನೃತ್ಯವೊಂದನ್ನು ಪ್ರದರ್ಶಿಸಿದಾಗ ಕೃಷ್ಣನಾಗಿ ಜೊತೆಗೂಡಿದವರು ಉದಯಶಂಕರ್. ಅವರು ಅಲ್ಲಿಗೆ ಚಿತ್ರಕಲೆ ಕಲಿಯಲು ಹೋಗಿದ್ದವರು. ಯಾವ ಶಾಸ್ತ್ರೀಯ ನೃತ್ಯ ಸಂಪ್ರದಾಯದಲ್ಲಿಯೂ ಆಗ ಅವರಿಗೆ ಕ್ರಮವಾದ ಶಿಕ್ಷಣವಾಗಿರಲಿಲ್ಲ. ಶಿಲ್ಪ ಮತ್ತು ಚಿತ್ರಗಳ ಭಂಗಿಗಳನ್ನು ಆಧರಿಸಿ ಅವರು ಕಟ್ಟಿದ ನೃತ್ಯ 1931ರಿಂದ ಯೂರೋಪು, ಅಮೆರಿಕಗಳಲ್ಲಿ ಅಪಾರ ಮನ್ನಣೆ ಪಡೆಯಿತು. ಪಾವ್ಲೋವಾಳ ಪ್ರೇರಣೆಯಿಂದ ಸ್ವದೇಶದ ನೃತ್ಯದ ಕಡೆ ತಿರುಗಿದ ಇನ್ನೊಬ್ಬರು ರುಕ್ಮಿಣೀದೇವಿ ಅರುಂಡೇಲ್. ಅವರು 1936ರಲ್ಲಿ ಮದರಾಸಿನಲ್ಲಿ ಸ್ಥಾಪಿಸಿದ ಸಂಸ್ಥೆಯೇ ಮುಂದೆ ಕಲಾಕ್ಷೇತ್ರವೆಂದು ಹೆಸರಾಯಿತು.

ಅದೇ ಕಾಲದಲ್ಲಿ ನಮ್ಮ ನಾಡಿನ ಸ್ಥಿತಿ ಹೇಗಿತ್ತು? ಮೈಸೂರು ಸಂಸ್ಥಾನ 1909ರಲ್ಲಿಯೇ ಸರ್ಕಾರಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತ್ತು. ಮದರಾಸಿನಲ್ಲಿ 1947ರಲ್ಲಿ ಕಾಯಿದೆ ಬಂತು. ಶೋಷಣೆಗೆ ತಡೆಯೊಡ್ಡಬೇಕೆಂಬ ಉದ್ದೇಶ ಸರಿಯಾದದ್ದೇ. ಆದರೆ ಕಲೆಯನ್ನು ಕಾಪಾಡಿಕೊಂಡು ಬಂದಿದ್ದ ಮನೆತನಗಳು ಅನ್ನವನ್ನೂ ಮಾನವನ್ನೂ ಒಟ್ಟಿಗೆ ಕಳೆದುಕೊಂಡವು. ಹೊರನಾಡಿನ ರಂಗಗಳಲ್ಲಿ ಭಾರತೀಯ ನೃತ್ಯಕ್ಕೆ ಹಾರತುರಾಯಿ ದೊರೆಯುತ್ತಿದ್ದಾಗ ಅದರ ನಿಜವಾದ ವಾರಸುದಾರರು ಊರಿನಲ್ಲಿ ಗೆಜ್ಜೆ ಬಿಚ್ಚಿಡುತ್ತಿದ್ದರು.

ಈ ಸಂಧಿಕಾಲದಲ್ಲಿ ಬೆಳಗಿದ ಹೆಸರು ಬೆಂಗಳೂರಿನ ರಾಮ್‌ಗೋಪಾಲ್. ಅವರ ತಂದೆ ರಜಪೂತರು, ತಾಯಿ ಬರ್ಮಾದವರು. ಕುಂಜು ಕುರುಪ್ ಅವರಲ್ಲಿ ಕಥಕಳಿಯನ್ನೂ ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಅಭ್ಯಾಸ ಮಾಡಿದರು. ಅಮೆರಿಕದ ನರ್ತಕಿ ಲಾ ಮೆರಿಯೊಡನೆ ಏಷ್ಯಾದಲ್ಲಿ ಸಂಚರಿಸಿ, 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ರಂಗಮಂದಿರದಲ್ಲಿ ನರ್ತಿಸಿ ಹೆಸರಾದರು. 1960ರಲ್ಲಿ ಬ್ಯಾಲೆಯ ಮೇರು ಕಲಾವಿದೆ ಅಲೀಸಿಯಾ ಮಾರ್ಕೋವಾ ಅವರೊಡನೆ ರಾಧಾಕೃಷ್ಣರ ಯುಗಳನೃತ್ಯ ಮಾಡಿದರು. 2003ರಲ್ಲಿ ಇಂಗ್ಲೆಂಡಿನಲ್ಲಿಯೇ ತೀರಿಕೊಂಡರು.

ಉದಯಶಂಕರರಿಗೆ ಇಲ್ಲದಿದ್ದ ಶಾಸ್ತ್ರಾಭ್ಯಾಸ ರಾಮ್‌ಗೋಪಾಲರಿಗೆ ಇತ್ತು. ಆದರೂ ಪಾಶ್ಚಾತ್ಯ ರಂಗದ ಕಟ್ಟಳೆಗಳಿಗೆ ಅವರು ಹೊಂದಿಕೊಳ್ಳಲೇಬೇಕಾಯಿತು. ನಮ್ಮ ಕಛೇರಿಯಲ್ಲಿ ವರ್ಣವೊಂದೇ ಒಂದು ಗಂಟೆ ನಡೆಯಬಹುದು. ಭಾಷೆ ತಿಳಿಯದ ಪ್ರೇಕ್ಷಕರ ಮುಂದೆ ಅದು ಹೇಗೆ ಸಾಧ್ಯ? ಹಾಗಾಗಿ ಒಂದೇ ಸಂಜೆಯಲ್ಲಿ ಭರತನಾಟ್ಯ, ಕಥಕಳಿ, ಕಥಕ್‌ಗಳಿಂದ ಆಯ್ದ ಚಿಕ್ಕ ಚಿಕ್ಕ ನೃತ್ಯಗಳು, ವೈವಿಧ್ಯಮಯ ಉಡುಪು, ಬಣ್ಣದ ಬೆಳಕು. ಜತಿಗಳ ರಭಸ, ಅಡವುಗಳ ಚೆಲುವು ಎಲ್ಲರಿಗೂ ಅರ್ಥವಾಗುತ್ತವೆ. ಪದದ ಒಂದೇ ಸಾಲನ್ನು ಹತ್ತು ಬಗೆಯಲ್ಲಿ ಅರಳಿಸುವ ಅಭಿನಯ ಅಷ್ಟು ಸುಲಭವಾಗಿ ಅರ್ಥವಾಗುವುದಿಲ್ಲ. ಅದರಿಂದ ನೃತ್ತ ಮುಂದೆ ಬಂತು, ಅಭಿನಯ ಹಿಂದೆ ಸರಿಯಿತು.

ಈ ಪದ್ಧತಿಗೆ ಬೇರೆಯೇ ದಾರಿ ಹಿಡಿದವರು ಬಾಲಸರಸ್ವತಿ. ವೀಣೆ ಧನಮ್ಮಾಳ್ ಅವರ ಮೊಮ್ಮಗಳಾದ ಅವರು ಪರಂಪರೆಯ ಮನೆತನದಿಂದ ಬಂದವರು. 1961ರಲ್ಲಿ ಟೋಕಿಯೋ, 1962ರಲ್ಲಿ ಅಮೆರಿಕದ ಜೇಕಬ್ಸ್ ಪಿಲ್ಲೋ ನೃತ್ಯೋತ್ಸವ, 1963ರಲ್ಲಿ ಎಡಿನ್‌ಬರೋ. ಎಲ್ಲಿಗೆ ಹೋದರೂ ಅವರ ಬಲ ಅಭಿನಯವೇ. ತಾವೇ ಹಾಡುತ್ತ ಅಭಿನಯಿಸುವುದು ಅವರ ಮನೆತನದ ರೀತಿ. ಕೃಷ್ಣನನ್ನು ಬಾ ಎಂದು ಕರೆಯುವ, ವ್ಯಾಸರಾಯರದೆಂದು ಪ್ರಸಿದ್ಧವಾದ ಕನ್ನಡ ಪದ ಅವರ ಹೆಸರಿನೊಡನೆ ಬೆಸೆದುಕೊಂಡಿದೆ. ಸತ್ಯಜಿತ್ ರಾಯ್ 1976ರಲ್ಲಿ ತೆಗೆದ ಸಾಕ್ಷ್ಯಚಿತ್ರದಲ್ಲಿ ಅವರು ಕಡಲ ತೀರದಲ್ಲಿ ನಿಂತು ಈ ಪದವನ್ನು ಅಭಿನಯಿಸುವುದನ್ನು ಕಾಣಬಹುದು. ತಮಿಳು ಮನೆಮಾತಿನ ಕಲಾವಿದೆಯೊಬ್ಬರು ಕನ್ನಡದ ಪದವನ್ನು ಲೋಕವೆಲ್ಲ ಗುರುತಿಸುವಂತೆ ಮಾಡಿದ್ದು ನಮಗೆ ಹೆಮ್ಮೆಯ ಸಂಗತಿ.

ಅದಕ್ಕಿಂತ ದೊಡ್ಡದು ಅವರ ಬೋಧನೆ. 1962ರಲ್ಲಿ ವೆಸ್ಲಿಯನ್ ವಿಶ್ವವಿದ್ಯಾನಿಲಯದಲ್ಲಿ, ಮುಂದೆ ಕ್ಯಾಲಿಫೋರ್ನಿಯಾದಲ್ಲಿ ಅವರು ಪಾಠ ಹೇಳಿದರು. ತಮ್ಮಂದಿರಾದ ಮೃದಂಗ ವಿದ್ವಾಂಸ ರಂಗನಾಥನ್ ಮತ್ತು ಕೊಳಲು ವಿದ್ವಾಂಸ ವಿಶ್ವನಾಥನ್ ವೆಸ್ಲಿಯನ್‌ನಲ್ಲಿ ದೀರ್ಘಕಾಲ ಬೋಧಿಸಿದರು. ಸಂಗೀತದಿಂದ ಬೇರ್ಪಡಿಸಿದ ನೃತ್ಯವನ್ನು ಆ ಕುಟುಂಬ ನೃತ್ಯವೆಂದು ಒಪ್ಪುತ್ತಿರಲಿಲ್ಲ. ಅಮಣಿಯ ಕಾಲದಲ್ಲಿ ಆಗದೇ ಹೋದ ಕೆಲಸ ಹೀಗೆ 124 ವರ್ಷಗಳ ಅನಂತರ, ಅದೇ ಪರಂಪರೆಯ ಇನ್ನೊಬ್ಬ ಹೆಣ್ಣುಮಗಳಿಂದ ಆರಂಭವಾಯಿತು.

ಮುಂದಿನ ಅಧ್ಯಾಯವನ್ನು ಬರೆದವರು ವಲಸೆ ಹೋದ ನಮ್ಮವರು. 1965ರಲ್ಲಿ ಅಮೆರಿಕದ ವಲಸೆ ಕಾನೂನು ಬದಲಾದ ಮೇಲೆ ವೈದ್ಯರು, ಎಂಜಿನಿಯರುಗಳು ಕುಟುಂಬಸಮೇತ ಅಲ್ಲಿ ನೆಲೆಸಿದರು. ಲಂಡನ್ನಿನಲ್ಲಿ 1972ರಲ್ಲಿ ಭಾರತೀಯ ವಿದ್ಯಾಭವನ ಆರಂಭವಾಯಿತು. 1977ರಲ್ಲಿ ನ್ಯೂಯಾರ್ಕಿನ ಫ್ಲಷಿಂಗ್‌ನಲ್ಲಿ ಗಣೇಶ ದೇವಾಲಯದ ಪ್ರತಿಷ್ಠೆಯಾಯಿತು. ಇಲ್ಲಿ ದೇವಾಲಯದಿಂದ ಹೊರಬಂದಿದ್ದ ನೃತ್ಯ ಅಲ್ಲಿ ದೇವಾಲಯಗಳ ಸಭಾಂಗಣವನ್ನೇ ಪಾಠಶಾಲೆ ಮಾಡಿಕೊಂಡದ್ದು ಇತಿಹಾಸದ ಒಂದು ವಿಚಿತ್ರ. ಮನೆಯ ನೆಲಮಾಳಿಗೆಯಲ್ಲಿ, ಶಾಲೆಯ ಕೊಠಡಿಯಲ್ಲಿ ಶನಿವಾರ, ಭಾನುವಾರದ ತರಗತಿಗಳು ನಡೆದವು. ಬಹುಮಟ್ಟಿಗೆ ಇವನ್ನು ನಡೆಸಿದವರು ಮದುವೆಯಾಗಿ ಹೋದ, ಊರಿನಲ್ಲಿ ನೃತ್ಯ ಕಲಿತಿದ್ದ ಹೆಣ್ಣುಮಕ್ಕಳು.

ಈ ಶಿಕ್ಷಕಿಯರ ಕಷ್ಟ ಸಣ್ಣದಲ್ಲ. ಗುರುವಿನ ಮನೆಯಲ್ಲಿ ದಿನವೂ ಕಲಿಯುತ್ತಿದ್ದುದನ್ನು ವಾರಕ್ಕೊಂದು ಗಂಟೆಯಲ್ಲಿ ಹೇಳಿಕೊಡಬೇಕು. ಹಿಮ್ಮೇಳದ ಬದಲು ಕ್ಯಾಸೆಟ್ಟು. ಕ್ಯಾಸೆಟ್ಟು ನರ್ತಕಿಗಾಗಿ ಕಾಯುವುದಿಲ್ಲ. ಸಂಚಾರಿಯನ್ನು ಇನ್ನೊಂದು ಆವರ್ತ ಬೆಳೆಸೋಣವೆಂದರೆ ಹಾಡು ಮುಂದೆ ಹೋಗಿರುತ್ತದೆ. ಮನೋಧರ್ಮಕ್ಕೆ ಜಾಗವೆಲ್ಲಿ? ಮಕ್ಕಳಿಗೆ ಪದದ ಭಾಷೆಯನ್ನೂ ಮೊದಲಿನಿಂದ ತಿಳಿಸಬೇಕು. ಯಶೋದೆಯ ಕೋಪ, ನಾಯಿಕೆಯ ಹುಸಿಮುನಿಸು ಬರೀ ಹುಬ್ಬಿನ ಚಲನೆಯಲ್ಲ. ಅದರ ಹಿಂದಿನ ಮಾತು ಮನಸ್ಸಿನಲ್ಲಿ ಮೊಳಗಿದರಷ್ಟೇ ಮುಖದಲ್ಲಿ ಮೂಡುತ್ತದೆ. ಕನ್ನಡ ಮನೆಗಳ ಮಕ್ಕಳಿಗೆ ದಾಸರ ಪದಗಳು ಈ ದೃಷ್ಟಿಯಿಂದ ದೊಡ್ಡ ಆಸರೆ; ನೃತ್ಯದ ನೆಪದಲ್ಲಿ ಮನೆಮಾತೂ ನಾಲಿಗೆಯ ಮೇಲೆ ಉಳಿಯುತ್ತದೆ.

ರಂಗಪ್ರವೇಶ ಅಲ್ಲಿ ಮದುವೆಯಷ್ಟೇ ಸಂಭ್ರಮದ, ಅಷ್ಟೇ ಖರ್ಚಿನ ಸಮಾರಂಭವಾಗಿ ಬೆಳೆದಿದೆಯೆಂಬ ಟೀಕೆಯುಂಟು. ಆ ದಿನವೇ ಎಷ್ಟೋ ಮಕ್ಕಳ ನೃತ್ಯಕ್ಕೆ ಕೊನೆಯ ದಿನವಾಗುತ್ತದೆ ಎಂಬುದೂ ಉಂಟು. ಆದರೆ ಇನ್ನೊಂದು ಮುಖವೂ ಇದೆ. 1990ರ ದಶಕದ ಕೊನೆಗೆ ಬ್ರಿಟನ್ನಿನ ನೃತ್ಯಶಿಕ್ಷಕರ ಇಂಪೀರಿಯಲ್ ಸೊಸೈಟಿ ತನ್ನ ಪರೀಕ್ಷೆಗಳಿಗೆ ಭರತನಾಟ್ಯ, ಕಥಕ್‌ಗಳನ್ನು ಸೇರಿಸಿಕೊಂಡಿತು. ಹೊರದೇಶದಲ್ಲಿ ಹುಟ್ಟಿ ಬೆಳೆದ ಕಲಾವಿದರು ಇಂದು ಚೆನ್ನೈನ ಮಾರ್ಗಶಿರ ಮಾಸದ ಕಛೇರಿಗಳಿಗೆ ಬಂದು ನರ್ತಿಸುತ್ತಾರೆ.

ಎಷ್ಟು ದೇಶಗಳಲ್ಲಿ ಎಷ್ಟು ಪ್ರದರ್ಶನಗಳಾದವು ಎಂಬ ಲೆಕ್ಕದಿಂದ ಈ ಸಾಧನೆಯನ್ನು ಅಳೆಯಲಾಗದು. ಜತಿ ಯಾವ ನೆಲದಲ್ಲಾದರೂ ಬೇರೂರಬಲ್ಲದೆಂದು ಈಗ ಸಿದ್ಧವಾಗಿದೆ. ಅಭಿನಯವೂ ಹಾಗೆಯೇ ಬೇರೂರಬೇಕಾದರೆ ಭಾಷೆ, ಸಂಗೀತ, ಸಮಯ ಮೂರೂ ಬೇಕು. ಅವನ್ನು ಒದಗಿಸಿಕೊಂಡು ವಾರವಾರವೂ ಪಾಠ ಹೇಳುತ್ತಿರುವ, ಹೆಸರು ಬಾರದ ಶಿಕ್ಷಕಿಯರ ಕೈಯಲ್ಲಿ ಈ ಕಲೆಯ ಕಡಲಾಚೆಯ ಭವಿಷ್ಯವಿದೆ.