ಸಾಲ್ಟ್ ಲೇಕ್‌ನ ಸರ್ಕಾರಿ ಶಾಲೆ: ಮಕ್ಕಳೂ ಅಂಕಗಳೂ

ಸಾಲ್ಟ್ ಲೇಕ್‌ನ ಸರ್ಕಾರಿ ಪ್ರೌಢಶಾಲೆಗಳಿಗೆ ಊರಿಗಿಂತ ಹೆಚ್ಚಿನ ವಯಸ್ಸಿಲ್ಲ. ಆ ಊರಿಗೇ ಅರವತ್ತು ತುಂಬಿದ್ದು ಈಚೆಗೆ. ಕೋಲ್ಕತ್ತಾದ ಪೂರ್ವಕ್ಕಿದ್ದ ಉಪ್ಪುಜೌಗು ನೆಲವನ್ನು ತುಂಬಿಸುವ ಕೆಲಸ 1962ರಲ್ಲಿ ಶುರುವಾಯಿತು. ಹೂಗ್ಲಿ ನದಿಯ ತಳದಿಂದ ಹೂಳೆತ್ತಿ, ಕೊಳವೆಗಳಲ್ಲಿ ನೀರಿನೊಡನೆ ಸಾಗಿಸಿ ಇಲ್ಲಿ ಸುರಿಯಲಾಯಿತು. ಊರಿನ ನಕ್ಷೆ ಬರೆದವರು ಯುಗೊಸ್ಲಾವಿಯದ ವಾಸ್ತುಶಿಲ್ಪಿ ದೋಬ್ರಿವೊಯೆ ತೋಷ್ಕೋವಿಚ್. ಯೋಜನೆಯ ಬೆನ್ನಿಗಿದ್ದ ಮುಖ್ಯಮಂತ್ರಿ ಬಿಧಾನ್ ಚಂದ್ರ ರಾಯ್ ಅದೇ ವರ್ಷ ಜುಲೈ 1ರಂದು ತೀರಿಕೊಂಡರು. ಅವರ ನೆನಪಿಗೆ ಊರಿಗೆ ಬಿಧಾನನಗರ ಎಂಬ ಹೆಸರು ಬಂತು. ಜನ ಮಾತ್ರ ಇಂದಿಗೂ ಸಾಲ್ಟ್ ಲೇಕ್ ಎಂದೇ ಕರೆಯುತ್ತಾರೆ.

ನಕ್ಷೆಯಲ್ಲಿ ಸೆಕ್ಟರುಗಳು, ಎರಡೆರಡು ಇಂಗ್ಲಿಷ್ ಅಕ್ಷರಗಳ ಹೆಸರಿನ ಬ್ಲಾಕುಗಳು, ಅವುಗಳ ನಡುವೆ ಮಾರುಕಟ್ಟೆ, ಉದ್ಯಾನ, ಶಾಲೆ ಎಲ್ಲಕ್ಕೂ ಜಾಗ ಗೊತ್ತುಮಾಡಲಾಗಿತ್ತು. ನಿವೇಶನಗಳನ್ನು ಕೊಟ್ಟದ್ದು 999 ವರ್ಷಗಳ ಗುತ್ತಿಗೆಗೆ. ಪಡೆದವರಲ್ಲಿ ಹೆಚ್ಚಿನವರು ಸರ್ಕಾರಿ ನೌಕರರು, ಅಧ್ಯಾಪಕರು, ವೈದ್ಯರು, ಎಂಜಿನಿಯರುಗಳು. ದೇಶವಿಭಜನೆಯಾದಾಗ ಪೂರ್ವ ಬಂಗಾಳ ಬಿಟ್ಟು ಬಂದ ಕುಟುಂಬಗಳೂ ಇದ್ದವು. ಓದನ್ನೇ ಆಸ್ತಿ ಎಂದು ನಂಬಿದ ಮನೆಗಳಿವು. ಬಿಧಾನನಗರ ಗವರ್ನಮೆಂಟ್ ಹೈಸ್ಕೂಲ್‌ನಂಥ ಶಾಲೆಗಳು ಹುಟ್ಟಿದ್ದು ಇಂಥ ನೆರೆಯಲ್ಲಿ.

ಆ ಹೊತ್ತಿಗೆ ರಾಜ್ಯದ ಪರೀಕ್ಷಾ ಪದ್ಧತಿಯೂ ಹೊಸದಾಗಿತ್ತು. ಹತ್ತನೇ ತರಗತಿಯ ಕೊನೆಗೆ ಬರುವ ‘ಮಾಧ್ಯಮಿಕ್’ ಮೊದಲು ನಡೆದದ್ದು 1976ರಲ್ಲಿ. ಹನ್ನೆರಡನೆಯದರ ‘ಉಚ್ಚ ಮಾಧ್ಯಮಿಕ್’ ಎರಡು ವರ್ಷ ತಡವಾಗಿ. ಕನ್ನಡಿಗರ ಎಸ್ಸೆಸ್ಸೆಲ್ಸಿಗೆ ಸಾಟಿಯಾದ ಮಾಧ್ಯಮಿಕ್ ಅನ್ನು ಬಂಗಾಳಿ ಮನೆಗಳಲ್ಲಿ ಮದುವೆಯಷ್ಟೇ ಗಂಭೀರವಾಗಿ ಕಾಣುತ್ತಾರೆ. ಈ ಎರಡೂ ಪರೀಕ್ಷೆಗಳ ಕೇಂದ್ರ ಕಚೇರಿಗಳು ಈಗ ಸಾಲ್ಟ್ ಲೇಕ್‌ನಲ್ಲೇ ಇವೆ: ಮಾಧ್ಯಮಿಕ್ ಮಂಡಳಿ ನಿವೇದಿತಾ ಭವನದಲ್ಲಿ, ಉಚ್ಚ ಮಾಧ್ಯಮಿಕ್ ಪರಿಷತ್ತು ವಿದ್ಯಾಸಾಗರ ಭವನದಲ್ಲಿ. ಶಿಕ್ಷಣ ಇಲಾಖೆ ಇರುವುದು ವಿಕಾಸ ಭವನದಲ್ಲಿ. ಇಡೀ ರಾಜ್ಯದ ಅಂಕಗಳು ಇಲ್ಲಿಂದ ಹೊರಬಿದ್ದರೂ ಊರಿನ ಮಕ್ಕಳ ಅಂಕಗಳು ಕೋಲ್ಕತ್ತಾದ ಲೆಕ್ಕಕ್ಕೆ ಸೇರುವುದಿಲ್ಲ. ಬಿಧಾನನಗರ ಉತ್ತರ 24 ಪರಗಣ ಜಿಲ್ಲೆಗೆ ಸೇರಿದೆ.

ಈ ಶಾಲೆಗಳ ಮಕ್ಕಳ ಪಟ್ಟಿ ಬದಲಾಗಲು ಕಾರಣವಾದ ತೀರ್ಮಾನ 1980ರ ದಶಕದ ಆರಂಭದ್ದು. ಎಡರಂಗ ಸರ್ಕಾರ ಪ್ರಾಥಮಿಕ ತರಗತಿಗಳಿಂದ ಇಂಗ್ಲಿಷನ್ನು ತೆಗೆದು ಆರನೆಯ ತರಗತಿಗೆ ಮುಂದೂಡಿತು. ಮನೆಯಲ್ಲಿ ಅಕ್ಷರ ಕಾಣದ ಮಗು ಎರಡು ಭಾಷೆಗಳ ಭಾರಕ್ಕೆ ಶಾಲೆ ಬಿಡಬಾರದು ಎಂಬುದು ಉದ್ದೇಶ. ಅದೇ ಕಾಲಕ್ಕೆ ಕರ್ನಾಟಕದಲ್ಲಿ ಗೋಕಾಕ್ ವರದಿಯ ಗದ್ದಲವಿತ್ತು. ಆದರೆ ಅಲ್ಲಿನ ಜಗಳ ಕನ್ನಡಕ್ಕೆ ಮೊದಲ ಸ್ಥಾನ ಕೊಡುವುದರ ಬಗ್ಗೆ. ಬಂಗಾಳದ ತೀರ್ಮಾನದ ಉದ್ದೇಶ ಒಳ್ಳೆಯದೇ, ಪರಿಣಾಮ ಮಾತ್ರ ತಿರುಗುಮುರುಗಾಯಿತು. ದುಡ್ಡಿದ್ದವರು ಮಕ್ಕಳನ್ನು ಖಾಸಗಿ ಇಂಗ್ಲಿಷ್ ಮಾಧ್ಯಮ ಶಾಲೆಗಳಿಗೆ ಸೇರಿಸಿದರು. 1990ರ ದಶಕದ ಕೊನೆಯಲ್ಲಿ ಇಂಗ್ಲಿಷ್ ಹಂತಹಂತವಾಗಿ ಮರಳಿತು; 2004ರ ಹೊತ್ತಿಗೆ ಒಂದನೇ ತರಗತಿಗೇ ಬಂತು. ಹೋದ ಮಕ್ಕಳು ಮರಳಲಿಲ್ಲ.

ಸಾಲ್ಟ್ ಲೇಕ್‌ನಲ್ಲಿ ಈ ಗುಳೆ ಕಣ್ಣಿಗೆ ಹೊಡೆಯುವಂತಿತ್ತು. ಭಾರತೀಯ ವಿದ್ಯಾಭವನ, ಹರಿಯಾಣಾ ವಿದ್ಯಾಮಂದಿರದಂಥ ಶಾಲೆಗಳು ಊರೊಳಗೇ ಇವೆ. ಮೊದಲ ಪೀಳಿಗೆಯ ನಿವೇಶನದಾರರು ಮುದುಕರಾದರು, ಅವರ ಮಕ್ಕಳು ಬೆಂಗಳೂರಿಗೂ ಅಮೆರಿಕಕ್ಕೂ ಹೊರಟರು. ದೊಡ್ಡ ಮನೆಗಳಲ್ಲಿ ಶಾಲೆಗೆ ಹೋಗುವ ವಯಸ್ಸಿನವರೇ ಕಡಿಮೆಯಾದರು. ಬಂಗಾಳಿ ಮಾಧ್ಯಮದ ಶಾಲೆಗೆ ಈಗ ಬರುವವರಲ್ಲಿ ನಕ್ಷೆಯ ಅಂಚಿನ ದತ್ತಾಬಾದ್, ಕಾಲುವೆಯಾಚೆಯ ಕೇಷ್ಟಪುರ, ಮಹಿಷಬಾಥಾನ್ ಕಡೆಯ ಮಕ್ಕಳಿದ್ದಾರೆ. ಮನೆಗೆಲಸದವರು, ರಿಕ್ಷಾ ಎಳೆಯುವವರು, ಕಟ್ಟಡ ಕೆಲಸದವರು, ಸಣ್ಣ ಅಂಗಡಿಯವರು ಇವರ ತಂದೆತಾಯಿಗಳು. ಬೆಳಿಗ್ಗೆ ತಾಯಿ ಪಾತ್ರೆ ತೊಳೆಯುವ ಬ್ಲಾಕಿನಲ್ಲೇ ಮಧ್ಯಾಹ್ನ ಮಗಳು ಪಾಠ ಕೇಳುತ್ತಾಳೆ. ನೆಲ ತುಂಬುವ ಮೊದಲು ಇಲ್ಲಿನ ಭೇರಿಗಳಲ್ಲಿ, ಅಂದರೆ ಮೀನುಹೊಂಡಗಳಲ್ಲಿ, ದುಡಿಯುತ್ತಿದ್ದವರ ಮೊಮ್ಮಕ್ಕಳೂ ಈ ಪಟ್ಟಿಯಲ್ಲಿದ್ದರೆ ಆಶ್ಚರ್ಯವಿಲ್ಲ.

ಕೇಂದ್ರೀಯ ವಿದ್ಯಾಲಯಗಳ ಕಥೆ ಬೇರೆ. ಅಲ್ಲಿ ಮೊದಲ ಹಕ್ಕು ವರ್ಗಾವಣೆಯ ಕೆಲಸದಲ್ಲಿರುವ ಕೇಂದ್ರ ನೌಕರರ ಮಕ್ಕಳದು. ಸಹಾ ಪರಮಾಣು ಭೌತವಿಜ್ಞಾನ ಸಂಸ್ಥೆ, ಸೈಕ್ಲೋಟ್ರಾನ್ ಕೇಂದ್ರಗಳು ಪಕ್ಕದಲ್ಲೇ ಇರುವುದರಿಂದ ದೇಶದ ನಾನಾ ಭಾಷೆಯ ಮನೆಗಳು ಅಲ್ಲಿ ಕೂಡುತ್ತವೆ. ಎರಡೂ ‘ಸರ್ಕಾರಿ’ ಶಾಲೆಗಳೇ. ಆದರೂ ಇವುಗಳ ಫಲಿತಾಂಶಗಳನ್ನು ಅಕ್ಕಪಕ್ಕ ಇಟ್ಟು ಶಿಕ್ಷಕರನ್ನು ಹೊಗಳುವುದಾಗಲಿ ತೆಗಳುವುದಾಗಲಿ ನ್ಯಾಯವಲ್ಲ. ಒಂದರಲ್ಲಿ ಪುಸ್ತಕ ಮನೆಯಿಂದಲೇ ಬರುತ್ತದೆ, ಇನ್ನೊಂದರಲ್ಲಿ ಶಾಲೆಯಿಂದ ಮನೆಗೆ ಹೋಗುತ್ತದೆ.

ರಾಜ್ಯ ಮಟ್ಟದ ಅಂಕಿಗಳನ್ನು ಓದುವಾಗಲೂ ಈ ಎಚ್ಚರ ಬೇಕು. ಮಾಧ್ಯಮಿಕ್ ತೇರ್ಗಡೆ 2019ರಲ್ಲಿ ಶೇ. 86.07, 2022ರಲ್ಲಿ ಶೇ. 86.60, 2024ರಲ್ಲಿ ಶೇ. 86.31. ಈ ನೇರ ಗೆರೆಯ ಕೆಳಗೆ ಬಹಳಷ್ಟು ಅಲುಗಾಟ ಅಡಗಿದೆ. ಕೋವಿಡ್‌ನಿಂದ ಪರೀಕ್ಷೆಯೇ ನಡೆಯದ 2021ರಲ್ಲಿ ಎಲ್ಲರೂ ಪಾಸು. 700ಕ್ಕೆ 697 ಅಂಕ ಪಡೆದು 79 ಮಂದಿ ಒಟ್ಟಿಗೆ ಮೊದಲಿಗರಾದರು. 2022ರಲ್ಲಿ 11 ಲಕ್ಷದ ಹತ್ತಿರವಿದ್ದ ಪರೀಕ್ಷಾರ್ಥಿಗಳು 2023ರಲ್ಲಿ 7 ಲಕ್ಷದೊಳಗೆ ಇಳಿದರು. ಪ್ರವೇಶದ ವಯಸ್ಸಿನ ನಿಯಮ ಬಿಗಿಯಾಗಿ ಆ ತಂಡವೇ ಚಿಕ್ಕದಾಗಿದ್ದದ್ದು ಅದಕ್ಕೆ ಮುಖ್ಯ ಕಾರಣ ಎಂಬ ವಿವರಣೆ ಬಂತು. ಪರೀಕ್ಷೆಗೆ ಕೂರುವವರಲ್ಲಿ ಹುಡುಗಿಯರೇ ಹೆಚ್ಚು, ತೇರ್ಗಡೆ ಪ್ರಮಾಣದಲ್ಲಿ ಹುಡುಗರು ಮುಂದು. ಇದರಿಂದ ಹುಡುಗಿಯರು ಹಿಂದೆ ಬಿದ್ದರು ಎಂದುಕೊಳ್ಳಬೇಕಿಲ್ಲ. 2013ರ ಕನ್ಯಾಶ್ರೀ ಯೋಜನೆ ಮದುವೆಯನ್ನು ಮುಂದೂಡಿ ಓದು ಮುಂದುವರಿಸಿದ ಹುಡುಗಿಯರಿಗೆ ಹಣ ಕೊಡುತ್ತದೆ. ಹಿಂದಾದರೆ ಪರೀಕ್ಷೆಯ ಕೊಠಡಿಯವರೆಗೂ ಬಾರದಿದ್ದವರು ಈಗ ಬರುತ್ತಿದ್ದಾರೆ, ಅದೇ ಸರಾಸರಿಯನ್ನು ತಗ್ಗಿಸುತ್ತಿರಬಹುದು. ಇನ್ನು ತೇರ್ಗಡೆಯಲ್ಲಿ ಹೆಚ್ಚಿನ ವರ್ಷಗಳಲ್ಲಿ ಮೇಲಿರುವುದು ರಾಜಧಾನಿಯಲ್ಲ, ಪೂರ್ವ ಮೇದಿನೀಪುರ ಜಿಲ್ಲೆ.

ಶಾಲೆಯ ಹೆಸರಲ್ಲಿ ಬರುವ ಅಂಕದಲ್ಲಿ ಟ್ಯೂಷನ್ನಿನ ಪಾಲೂ ಇದೆ. 2022ರ ‘ಅಸರ್’ ಶಿಕ್ಷಣ ಸಮೀಕ್ಷೆಯಂತೆ ಗ್ರಾಮೀಣ ಪಶ್ಚಿಮ ಬಂಗಾಳದಲ್ಲಿ ಎಂಟನೆಯ ತರಗತಿವರೆಗಿನ ನಾಲ್ಕರಲ್ಲಿ ಮೂವರು ಮಕ್ಕಳು ದುಡ್ಡು ಕೊಟ್ಟು ಟ್ಯೂಷನ್ನಿಗೆ ಹೋಗುತ್ತಾರೆ. ಅಮರ್ತ್ಯ ಸೇನ್ ಅವರ ಪ್ರತೀಚಿ ಟ್ರಸ್ಟ್ ಈ ಚಾಳಿಯ ಬಗ್ಗೆ 2002ರಲ್ಲೇ ಎಚ್ಚರಿಸಿತ್ತು.

ಶಿಕ್ಷಕರ ವಿಷಯದಲ್ಲೂ ಶಾಲೆಶಾಲೆಗೆ ವ್ಯತ್ಯಾಸವಿದೆ. ಪೂರ್ಣ ಸರ್ಕಾರಿ ಶಾಲೆಗೆ ಶಿಕ್ಷಕರನ್ನು ಆರಿಸುವುದು ಲೋಕಸೇವಾ ಆಯೋಗ, ಅನುದಾನಿತ ಶಾಲೆಗೆ 1997ರ ಕಾನೂನಿನಂತೆ ಬಂದ ಸ್ಕೂಲ್ ಸರ್ವೀಸ್ ಕಮಿಷನ್. ಈ ಎರಡನೆಯ ದಾರಿಯ 2016ರ ನೇಮಕಾತಿಯನ್ನು ಅಕ್ರಮದ ಕಾರಣಕ್ಕೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 3ರಂದು ರದ್ದುಪಡಿಸಿತು. ಸುಮಾರು 25,700 ಹುದ್ದೆಗಳು ಒಂದೇ ತೀರ್ಪಿನಲ್ಲಿ ಹೋದವು. ಕಳಂಕವಿಲ್ಲದ ಶಿಕ್ಷಕರಿಗೆ ಆ ವರ್ಷದ ಕೊನೆಯವರೆಗೆ ಪಾಠ ಮಾಡಲು ಅನುಮತಿ ಸಿಕ್ಕಿತು. ಮೇ ತಿಂಗಳಲ್ಲಿ ಅವರು ವಿಕಾಸ ಭವನದ ಮುಂದೆ ಧರಣಿ ಕೂತರು. ಸೆಪ್ಟೆಂಬರಿನಲ್ಲಿ ಅದೇ ಹುದ್ದೆಗಳಿಗಾಗಿ ಮತ್ತೆ ಪರೀಕ್ಷೆ ಬರೆದರು.